ಒಂದು ಚಮಚ ತೀರ್ಥ

ಕಬ್ಬೂರ
೧೮ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ಸೀಮಾ,

ಶಿರಗುಪ್ಪಿಯಲ್ಲಿ ನೀನು, ರಾವಸಾಹೇಬರು, ಮಕ್ಕಳು ಆರಾಮ ಇದ್ದೀರಾ? ನಿನ್ನ ಅರೆತಲೆನೋವು ಹೇಗಿದೆ? ನಾಲ್ಕು ವಾರದಿಂದ ಈ ಅತ್ತಿಗೆಯ, ನಿನ್ನ ವೈನಿಯ ಫೋನ್ ಎತ್ತುತ್ತಿಲ್ಲ ನೀನು, ಅದಕ್ಕೇ ಈ ಕಾಗದ. ನಿನ್ನ ಅಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ಒಲೆಗೆ ಹಾಕುವುದಿದ್ದರೂ ಓದಿಯೇ ಹಾಕು. ಇಲ್ಲಿ ನಾವು ಇದ್ದೇವೆ ಅಷ್ಟೆ. ನಿನ್ನ ಅವ್ವನ ಮಂಚ ಇನ್ನೂ ಪಡಸಾಲೆಯಲ್ಲೇ ಇದೆ, ಎತ್ತಿಡಲು ನನಗೆ ಮನಸ್ಸು ಬಂದಿಲ್ಲ.

ದೀಪಾವಳಿ ಹೊತ್ತಿಗೆ ಅತ್ತೆಗೆ ಲಕ್ವಾ ಹೊಡೆದಾಗ ಕೈಕಾಲಿಗಿಂತ ಗಂಟಲಿನದೇ ದೊಡ್ಡ ಸಂಕಟವಾಯಿತು. ಹೊಟ್ಟೆಗೆ ಹೋಗಬೇಕಾದ ನೀರು ಉಸಿರಿನ ದಾರಿಗೆ ಇಳಿಯುತ್ತಿತ್ತು. ನುಂಗುವುದನ್ನು ಕಲಿಸಲು ಚಿಕ್ಕೋಡಿಯಿಂದ ಬರುತ್ತಿದ್ದ ಮೇಡಂ ನಮ್ಮ ಅಡುಗೆಮನೆಯಲ್ಲೇ ಬಂದು ಕೂತರು. ತೆಳ್ಳಗಿನ ನೀರು ಕೂಡದು, ದಪ್ಪ ಮಾಡಲು ಡಬ್ಬಿಯ ಪುಡಿಯೂ ಬೇಡ, ನಿಮ್ಮ ಜೋಳದ ಅಂಬಲಿಯೇ ಸಾಕು, ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರುವಷ್ಟು ದಪ್ಪ ಇರಲಿ ಎಂದರು. ನೆಟ್ಟಗೆ ಕೂರಿಸಿ, ಗದ್ದ ಎದೆಯತ್ತ ಬಾಗಿಸಿ, ಒಂದೊಂದೇ ಚಮಚ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಟ್ಟರೆ ಅತ್ತೆಗೆ ನಂಬಿಕೆಯೇ ಇಲ್ಲ. ಇಡೀ ರೊಟ್ಟಿ ತಂದು ಕಣ್ಣೆದುರು ಮುರಿದು ಹಾಕಿದರೆ ಮಾತ್ರ ಬಾಯಿ ತೆರೆಯುತ್ತಿದ್ದರು. ನಾನು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ಎಂದು ನೀನೇ ಆಡಿಕೊಳ್ಳುತ್ತಿದ್ದೆಯಲ್ಲ, ಆ ರೊಟ್ಟಿ ಮುರಿಯುವಾಗ ಒಂದು ದಿನವೂ ಸಿಟ್ಟು ಬರಲಿಲ್ಲ.

ನಾವು ಸೋತದ್ದು ತೀರ್ಥದ ಮುಂದೆ. ಲಿಂಗಪೂಜೆ ಮಾಡಿ ತೀರ್ಥ ತೆಗೆದುಕೊಳ್ಳದೆ ಐವತ್ತು ವರ್ಷ ಬಾಯಿಗೆ ತುತ್ತಿಟ್ಟವರಲ್ಲ ಅತ್ತೆ. ಲಕ್ವಾ ಬಲಗೈಗೆ ಹೊಡೆದಿತ್ತು. ಎಡ ಅಂಗೈ ಮೇಲೆ ಲಿಂಗ ಹಿಡಿಯುತ್ತಿದ್ದರು, ನಾನು ನೀರೆರೆಯುತ್ತಿದ್ದೆ. ಒಮ್ಮೆ ಆ ನೀರಿಗೆ ಗಂಜಿ ಕೂಡಿಸಿ ದಪ್ಪ ಮಾಡಿ ಕೊಟ್ಟೆ, ಉಗುಳಿಬಿಟ್ಟರು. ಮೇಡಂ ಬೇಸರಪಡದೆ, ಮಠದ ಅಯ್ಯನವರನ್ನೇ ಕೇಳೋಣ ಎಂದರು. ಅಯ್ಯನವರು ಮನೆಗೇ ಬಂದು, “ತುಟಿಗಿ ಹಚ್ಚಿದ್ರೂ ಅದು ತೀರ್ಥನ ಐತಿ, ಗಿರಿಜವ್ವಾ” ಎಂದು ಅತ್ತೆಗೆ ಹೇಳಿಹೋದರು. ಅಂದಿನಿಂದ ಹತ್ತಿ ಅದ್ದಿ ತುಟಿಗೆ ಹಚ್ಚುತ್ತಿದ್ದೆ. ಅತ್ತೆ ತುಟಿ ಚೀಪುತ್ತ ನನ್ನ ಮುಖವನ್ನೇ ನೋಡುತ್ತಿದ್ದರು.

ಸಂಕ್ರಾಂತಿಯ ಮರುದಿನ ನೀನು ಬಂದೆ. ಆ ಹತ್ತಿ ನೋಡಿ ಅದನ್ನು ನನ್ನ ಕೈಯಿಂದ ಕಸಿದುಕೊಂಡೆ. “ಅವ್ವಗ ಒಂದ ಗುಟುಕ ತೀರ್ಥ ಕೊಡಾಕ ನಿನಗ ಕೈ ಬರೂದಿಲ್ಲೇನ ವೈನಿ?” ಎಂದು ಬಟ್ಟಲನ್ನೇ ಬಾಯಿಗೆ ಹಿಡಿದೆ. ಅತ್ತೆ ಕುಡಿದರು, ಕೆಮ್ಮಿದರು, ಆಮೇಲೆ ನಿನ್ನ ನೋಡಿ ನಕ್ಕರು. ಮೂರನೇ ದಿನ ಆಸ್ಪತ್ರೆ, ನ್ಯುಮೋನಿಯಾ ಎಂದರು. ಐದನೇ ದಿನ ಅತ್ತೆ ಇರಲಿಲ್ಲ. ಮಣ್ಣು ಮಾಡಿ ಬಂದ ಹೊತ್ತಿನಲ್ಲಿ, ನೆರೆದ ಬೀಗರೆಲ್ಲರ ಎದುರು, “ನೀ ಕುಡಿಸಿದ ಗುಟುಕನ ನಮ್ಮತ್ತಿನ್ನ ಒಯ್ತು” ಎಂದುಬಿಟ್ಟೆ ನಾನು. ನೀನು ಚಪ್ಪಲಿ ಸಹ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಹೋದೆ. ಆ ಚಪ್ಪಲಿಯನ್ನು ಈ ಕಾಗದದ ಜೊತೆಗೆ ಕಳಿಸುತ್ತಿದ್ದೇನೆ.

ಅಂದಿನಿಂದ ನೀನು ಪೂಜೆ ಮಾಡಿದರೂ ತೀರ್ಥ ಮುಟ್ಟುತ್ತಿಲ್ಲ ಎಂದು ರಾವಸಾಹೇಬರು ಹೇಳಿದರು. ಅದು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ ಸೀಮಾ. ಮಕ್ಕಳಿಗೆ ನನ್ನ ಆಶೀರ್ವಾದ, ರಾವಸಾಹೇಬರಿಗೆ ಶರಣು ಹೇಳು.

ನಿನ್ನ ವೈನಿ,
ರೂಪಾಲಿ

ತಾ.ಕ.: ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ. ನಿನ್ನ ಅಣ್ಣ ಹೊರಗೆ ಗಾಡಿ ಚಾಲೂ ಮಾಡಿ ಕಾಯುತ್ತಿದ್ದಾರೆ. ನೀನು ಬರುವ ಮುಂಚೆ ಎಂಟು ದಿನ, ಅತ್ತೆಯ ಕಣ್ಣು ನೋಡಲಾಗದೆ, ಬಾಗಿಲು ಮುಚ್ಚಿಕೊಂಡು ನಾನೇ ದಿನಾ ಒಂದು ಚಮಚ ತೀರ್ಥ ಕುಡಿಸಿದ್ದೆ. ಕೆಮ್ಮಲಿಲ್ಲ ಎಂದು ಧೈರ್ಯ ಬಂದಿತ್ತು. ಕೆಮ್ಮು ಬರದೆಯೂ ನೀರು ಎದೆಗೆ ಇಳಿಯುತ್ತದೆ ಎಂದು ಮೇಡಂ ಆಮೇಲೆ ಹೇಳಿದರು. ಸಂಕ್ರಾಂತಿಯ ದಿನವೇ ಅತ್ತೆಯ ಮೈ ಸುಡುತ್ತಿತ್ತು. ನೀನು ಇನ್ನೂ ಬಂದೇ ಇರಲಿಲ್ಲ. ಹೆದರಿ ಯಾರಿಗೂ ಹೇಳಲಿಲ್ಲ. ನಾಳೆ ಪೂಜೆಯಾದ ಮೇಲೆ ನೀನು ತೀರ್ಥ ತಗೋ. ಈ ಕಾಗದ ಒಲೆಗೆ ಹಾಕಬೇಡ, ಅಲ್ಲೇ ನಿನ್ನ ಅಣ್ಣನ ಕೈಗೆ ಓದಲು ಕೊಡು. ಅವರಿಗೂ ಇನ್ನೂ ಗೊತ್ತಿಲ್ಲ.