ಅಂಗಿ ಬಟ್ಟೆ ವಾಪಸ್

ಹೊನ್ನಾಳಿ, ಭಾನುವಾರ

ಅವ್ವ,

ನೀನು ಬಸ್ಸಿನಲ್ಲಿ ಕಳಿಸಿದ ಹಬ್ಬದ ಗಂಟು ಮುಟ್ಟಿತು. ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿಸುತ್ತಾನೆ, ಅದಕ್ಕೇ ಈ ಪತ್ರ.

ನಾನು ಉಷಾಳ ಜೊತೆಯೇ ಬಾಳುತ್ತೇನೆ ಎಂದಾಗ ನೀನು, "ಹೂವು, ಬಳೆ ಅಂದ್ರೆ ಪ್ರಾಣ ನಿಂಗೆ. ಹೆಣ್ಣಿನ ಮ್ಯಾಲೆ ಮನಸ್ಸಾಗಾಕೆ ಹೆಂಗೆ ಸಾಧ್ಯ? ಆಕೆನೇ ತಲೆ ಕೆಡ್ಸಿರಬೇಕು" ಅಂದಿದ್ದೆ. ಎರಡು ವರ್ಷ ಮಾತು ಬಿಟ್ಟು, ಈಗ ನನಗೆ ಸೀರೆ, ಇನ್ನೂ ನೋಡಿರದ ಅವಳಿಗೆ ಅಂಗಿ ಬಟ್ಟೆ, ಪಂಚೆ ಕಳಿಸಿದ್ದೀಯ, ಅಳಿಯನಿಗೆ ಕೊಡುವ ಹಾಗೆ. ಗಂಟು ಬಿಚ್ಚಿ ಉಷಾ ನಕ್ಕಳು. ಆಮೇಲೆ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಅವಳ ಜಡೆ ನನ್ನದಕ್ಕಿಂತ ಉದ್ದ. ನೆರಿಗೆ ನೆಟ್ಟಗೆ ಹಿಡಿಯುವುದನ್ನು ನನಗೆ ಕಲಿಸಿದವಳೇ ಅವಳು. ಮನಸ್ಸಿನ ಮಾತು ಮೊದಲು ಹೇಳಿದವಳು ಮಾತ್ರ ನಾನು.

"ನಿಮ್ಮಿಬ್ಬರಾಗೆ ಗಂಡು ಯಾರು?" ಎಂದು ಗಂಟಿನೊಳಗಿಟ್ಟ ಚೀಟಿಯಲ್ಲಿ ಕೇಳಿದ್ದೀಯ. ಗಂಡು ಬೇಕಿದ್ದರೆ ನೀವು ಕೆರೆಬಿಳಚಿಯಲ್ಲಿ ನೋಡಿದ್ದವನನ್ನೇ ಮದುವೆಯಾಗುತ್ತಿದ್ದೆ.

ಅಂಗಿ ಬಟ್ಟೆ, ಪಂಚೆ ಇದರ ಜೊತೆ ಕಳಿಸಿದ್ದೇನೆ. ಅಪ್ಪನಿಗಾಗುತ್ತದೆ. ಉಷಾಳಿಗೂ ಒಂದು ಸೀರೆ ಕಳಿಸು. ನನ್ನ ಸೀರೆಯ ಬಣ್ಣದ್ದೇ ಬೇಡ, ಬೇರೆ ಬಣ್ಣದ್ದಿರಲಿ, ನಾವು ಬದಲಾಯಿಸಿಕೊಂಡು ಉಡುತ್ತೇವೆ.

ನಿನ್ನ ಮಗಳು,
ಚೇತನಾ