ಹಿಂಡಿನ ಮುಂದೆ

೨೮ ಅಕ್ಟೋಬರ್ ೧೯೮೨, ಗುರುವಾರ

ಮತ್ತೆ ನಡಿಗೆ. ದೇವದುರ್ಗದ ಕಲ್ಲುಭೂಮಿ ಬಿಟ್ಟಾಯಿತು. ಮಳೆಗಾಲವೆಲ್ಲ ಆ ಕಲ್ಲು, ಆ ಜಾಲಿಮುಳ್ಳು. ಮಳೆಯಲ್ಲಿ ಎರಿಭೂಮಿಯ ಕಪ್ಪು ಕೆಸರಿಗೆ ಕುರಿ ಇಳಿಸಿದರೆ ಗೊರಸು ಕೊಳೆಯುತ್ತದೆ, ಅದಕ್ಕೇ. ಈಗ ಕೆಸರು ಆರಿದೆ. ಇನ್ನು ಕಲ್ಮಲ, ಅಲ್ಲಿಂದ ಮಾನ್ವಿಯ ಕಾಲುವೆ ದಂಡೆ. ಬೇಸಿಗೆ ಮುಗಿಯುವ ಹೊತ್ತಿಗೆ ವಾಪಸ್. ಅಪ್ಪನದೂ ಇದೇ ದಾರಿ, ಅವರಪ್ಪನದೂ ಇದೇ. ಸಾಕಾಗಿದೆ.

ನಮ್ಮ ಮನೆತನದಲ್ಲಿ ಹಿಂಡಿನ ಮುಂದೆ ಒಬ್ಬನೇ ನಡೆಯುವುದು. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು, ಯಾವತ್ತು ಉಣ್ಣೆ ಕತ್ತರಿಸಬೇಕು — ಎಲ್ಲ ಅವನ ಮಾತು. ಅಪ್ಪ ಸತ್ತಾಗ ಆ ಜಾಗ ನನಗೆ ಬಂತು. ಮಟಮಾರಿಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದವನು ಬಿಟ್ಟು ಬಂದೆ. ಬರೆಯುವ ಚಟ ಮಾತ್ರ ಬಿಡಲಿಲ್ಲ. ತಮ್ಮ ಬೂದೆಪ್ಪ ನಡುವೆ ನಡೆಯುತ್ತಾನೆ. ನನ್ನ ಹೆಂಡತಿ ಕರೆಮ್ಮ ಹಿಂದೆ. ಸಾಮಾನು ಹೊತ್ತ ಕತ್ತೆ, ಕುಂಟ ಕುರಿ, ಎಳೆ ಮರಿ ಅವಳ ಪಾಲು.

ಮೊಣಕಾಲು ಹಿಡಿದಿದೆ. ಯಾರಿಗೂ ಹೇಳಿಲ್ಲ. ಮುಂದೆ ನಡೆಯುವವನು ಕುಂಟಬಾರದು.

ಸಂಜೆ ಕರೆಮ್ಮ ಕೇಳಿದಳು, "ಕಾಲಿಗಿ ಎಣ್ಣಿ ತಿಕ್ಕಲೇನ್ರಿ?"

ಏನೂ ಆಗಿಲ್ಲ ಎಂದೆ. ಎಣ್ಣೆ ಆಗಲೇ ಬಿಸಿ ಮಾಡಿಟ್ಟಿದ್ದಳು.

೫ ನವೆಂಬರ್, ಕಲ್ಮಲ

ದಸ್ತಗೀರ್ ಸಾಬರ ಬೀಳುಬಿಟ್ಟ ಎರಿಹೊಲದಲ್ಲಿ ಕುರಿಹಟ್ಟಿ ಹಾಕಿದ್ದೇವೆ. ಪ್ರತಿ ವರ್ಷ ಅವರದೇ ಹೊಲ. ಕುರಿ ಕೂತೆದ್ದರೆ ಗೊಬ್ಬರ. ಚಹಾ ಕಳಿಸಿ ತಾವೂ ಬಂದು ಕೂತರು. "ಮಾಸ್ತರ್, ನಿಮ್ಮ ಕುರಿ ಕುಂತ್ರ ನನ್ನ ಹೊಲಕ್ಕ ಜಾನ್ ಬರ್ತದ ನೋಡ್ರಿ." ಈ ಮಾತು ಕೇಳಲಿಕ್ಕೇ ಬರುತ್ತೇನೋ ಏನೋ, ಅಷ್ಟು ಹಿತ.

ಆಗ ಬೂದೆಪ್ಪ ಬಾಯಿ ಹಾಕಿದ. "ಉಣ್ಣಿ ಕತ್ತರಿಸೋದು ಎಂಟು ದಿನ ಬಿಟ್ಟು ಮಾಡ್ತೀವ್ರಿ ಸಾಬ್ರ. ನನ್ನ ಮಗಳು ಹಡದಾಳ, ದೇವದುರ್ಗದಾಗ ಮೊಮ್ಮಗನ ತೊಟ್ಲ ಅದ. ಹೋಗಿ ಬಂದು ಕತ್ತರಿ ಹಿಡೀತೀವಿ."

ನನ್ನನ್ನು ಕೇಳಿಲ್ಲ. ಪರರ ಮುಂದೆ, ನಾನು ಎದುರಿಗೇ ಕೂತಿರುವಾಗ.

"ನಾಳಿನೇ ಕತ್ತರಿಸೋದು" ಎಂದೆ. ಆ ಮಾತು ಬಾಯಿಂದ ಬರುವ ತನಕ ನಾಳೆ ಎನ್ನುವ ವಿಚಾರವೇ ನನಗಿರಲಿಲ್ಲ. ಬಂದ ಮೇಲೆ ಕಾರಣ ಹುಡುಕಿದೆ. ಸ್ವಾತಿ ಮಳೆ ಮುಗಿಯಿತು, ಇನ್ನೆಲ್ಲಿಯ ಮಳೆ, ಉಣ್ಣೆ ಒಣಗಿದೆ ಇತ್ಯಾದಿ. ಸಾಬರು ಬೀಡಿ ಹಚ್ಚಿದರು. ಬೂದೆಪ್ಪ ನೆಲ ನೋಡಿದ.

ಕರೆಮ್ಮ ಆಮೇಲೆ ಬಂದು, "ಎಂಟು ದಿನ ತಡದ್ರ ಉಣ್ಣಿ ಓಡಿ ಹೋಗ್ತದೇನ್ರಿ? ಕೂಸಿನ ತೊಟ್ಲಾರ ಮುಗೀಲಿ" ಎಂದಳು.

"ನಿನ್ನ ಕೆಲಸ ಹಿಂದ. ಹಿಂದ ಇರು."

ಹೋದಳು.

೭ ನವೆಂಬರ್

ಮುಗಿಯಿತು. ನಿನ್ನೆ ಇವತ್ತು ಎರಡೇ ದಿನ. ಬೂದೆಪ್ಪ ತಲೆ ಎತ್ತದೆ ಕತ್ತರಿ ಆಡಿಸಿದ. ತೊಟ್ಟಿಲು ಇವತ್ತೇ ಇತ್ತಂತೆ. ಕರೆಮ್ಮ ಹೇಳಿದ್ದು.

ಉಣ್ಣೆ ತೆಗೆದ ಕುರಿ ಸಣ್ಣಗೆ, ಯಾರದೋ ಕುರಿಯಂತೆ ಕಾಣುತ್ತದೆ. ಒಳ್ಳೆ ಬಿಸಿಲಿದೆ. ಆಕಾಶ ತೊಳೆದಿಟ್ಟಂತಿದೆ. ನನ್ನ ಮಾತೇ ಸರಿಯಾಯಿತಲ್ಲ ಎಂದು ಒಳಗೊಳಗೇ ಖುಷಿ. ಆದರೂ ಊಟ ಸೇರಲಿಲ್ಲ.

೧೦ ನವೆಂಬರ್

ಮೂಡಗಾಳಿ. ಮೋಡ. ಮಧ್ಯಾಹ್ನ ದಸ್ತಗೀರ್ ಸಾಬರು ತಾವೇ ನಡೆದು ಬಂದರು. ಆಂಧ್ರದ ಕಡಲಲ್ಲಿ ವಾಯುಭಾರ ಕುಸಿತವೆಂದು ರೇಡಿಯೋದಲ್ಲಿ ಹೇಳಿದರಂತೆ. "ನನ್ನ ದೊಡ್ಡಿಗಿ ಹೊಡ್ಕೊಂಡು ಬರ್ರಿ ಮಾಸ್ತರ್. ಮ್ಯಾಲ ತಗಡು ಅದ, ದನ ಒಂದು ಬಾಜೂಕ ಕಟ್ಟಿದ್ರಾತು. ಮೈಮ್ಯಾಲ ಉಣ್ಣಿ ಇಲ್ಲ, ಪಾಪ."

ಬೂದೆಪ್ಪ ನನ್ನ ಮುಖ ನೋಡಿದ. ಹೂಂ ಅಂದರೆ, ಇನ್ನೆಲ್ಲಿಯ ಮಳೆ ಎಂದು ಮೊನ್ನೆ ಆಡಿದ್ದು ಸುಳ್ಳಾಗುತ್ತಿತ್ತು.

"ಬ್ಯಾಡ್ರಿ ಸಾಬ್ರ. ಇದು ಬರೀ ಗಾಳಿ ಮೋಡ" ಎಂದೆ.

೧೨ ನವೆಂಬರ್

ಮಳೆ. ನಿನ್ನೆ ನಸುಕಿನಿಂದ ನಿಂತಿಲ್ಲ. ದೊಡ್ಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮಳೆ ಬಿದ್ದ ಮೇಲೆ ದೊಡ್ಡಿಗೆ ಹೊಡೆದೆವು. ಆಗ ಹೊಲ ಹೊಲವಾಗಿರಲಿಲ್ಲ. ಎರಿಮಣ್ಣು ಮೊಣಕಾಲ ತನಕ. ಕುರಿ ಹೂತು ನಿಂತುಬಿಟ್ಟವು. ಒಂದೊಂದನ್ನೇ ಹೆಗಲಿಗೆ ಹಾಕಿಕೊಂಡು ಸಾಗಿಸಿದೆವು. ಬೂದೆಪ್ಪ, ಕರೆಮ್ಮ, ಸಾಬರು, ಅವರ ಮನೆಯವರೆಲ್ಲ. ಕೆಲವು ಹೆಗಲ ಮೇಲೆಯೇ ತಣ್ಣಗಾದವು. ಹೊಲದಲ್ಲಿ ಉಳಿದವು ಒಂದಕ್ಕೊಂದು ಒತ್ತಿಕೊಂಡು ನಿಂತಲ್ಲೇ ಸತ್ತವು. ಬಿದ್ದಿರಲಿಲ್ಲ, ಅದಕ್ಕೇ ಬದುಕಿವೆ ಎಂದುಕೊಂಡು ಹತ್ತಿರ ಹೋದೆ.

ಅವುಗಳ ಉಣ್ಣೆ ಇಲ್ಲೇ ಮೂಲೆಯಲ್ಲಿದೆ. ಚೀಲದಲ್ಲಿ. ಒಂದು ಹನಿ ಬಿದ್ದಿಲ್ಲ.

೧೩ ನವೆಂಬರ್

ಎಷ್ಟು ಎಂದು ಬೂದೆಪ್ಪನಿಗೆ ಗೊತ್ತು. ಕೇಳಲಿಲ್ಲ.

೧೬ ನವೆಂಬರ್

ದೀಪಾವಳಿಯ ಹಟ್ಟಿ ಹಬ್ಬ ಇವತ್ತು. ಪ್ರತಿ ವರ್ಷ ಕುರಿಗಳ ಕೊಂಬಿಗೆ ಚೆಂಡುಹೂವು ಕಟ್ಟುತ್ತಿದ್ದೆವು. ಯಾರೂ ಎತ್ತಲಿಲ್ಲ ಆ ಮಾತು.

೪ ಡಿಸೆಂಬರ್

ಇನ್ನೂ ಕಲ್ಮಲದಲ್ಲೇ. ಬಿಸಿಲು ಏನೂ ಆಗಿಲ್ಲವೆಂಬಂತೆ ಕಾಯುತ್ತಿದೆ. ಜೋಳದ ಪೈರು ನೆಲ ಮುಚ್ಚಿದೆ. ಆ ಮಳೆ ಜೋಳಕ್ಕೆ ಬಂಗಾರವಾಯಿತು ಎಂದು ಊರಿನವರು ಮಾತಾಡುತ್ತಾರೆ, ನಾನು ಹತ್ತಿರ ಬಂದರೆ ಸುಮ್ಮನಾಗುತ್ತಾರೆ.

ಇಷ್ಟು ದಿನ ಯಾರ ಹತ್ತಿರವೂ ಮಾತಾಡಿಲ್ಲ. ಬೆಳಿಗ್ಗೆ ಬೂದೆಪ್ಪನೇ ಬಂದು ಕೂತ.

"ಅಣ್ಣಾ, ಯಾವತ್ತು ಹೊಂಡೂನು?"

"ಒಂದ್ಸಲ ಬೈದುಬಿಡೋ" ಎಂದೆ.

"ಬೈದ್ರ ಸತ್ತ ಕುರಿ ಎದ್ದು ಬರ್ತಾವೇನು? ಮೇವು ಮುಗದದ. ಯಾವತ್ತು ಹೊಂಡೂದು, ಅಷ್ಟ ಹೇಳು."

ಹೇಳಲಿಲ್ಲ. ಈಗಲೂ ನನ್ನನ್ನೇ ಕೇಳುತ್ತಾನಲ್ಲ ಎಂದು ಸಿಟ್ಟು ಬಂತು. ಕೇಳದೆ ಹೊರಟಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು. ಹಾಳಾದ ಮನಸ್ಸು. ಹೊದ್ದು ಮಲಗಿದೆ.

೯ ಡಿಸೆಂಬರ್

ಬೆಳಿಗ್ಗೆ ಎದ್ದು ನೋಡಿದರೆ ಕರೆಮ್ಮ ಕತ್ತೆಯ ಮೇಲೆ ಸಾಮಾನು ಹೇರಿದ್ದಾಳೆ. ಹಿಂಡು ದಾರಿಗೆ ಬಂದು ನಿಂತಿದೆ. ಬೂದೆಪ್ಪ ನಡುವಿನಲ್ಲಿ, ತನ್ನ ಜಾಗದಲ್ಲಿ. ಮುಂದೆ ಯಾರೂ ಇಲ್ಲ.

ಇಬ್ಬರೂ ಕಾಯುತ್ತಿದ್ದರು. ಕುರಿಗಳ ಹೊಟ್ಟೆ ಬೆನ್ನಿಗೆ ಹತ್ತಿತ್ತು. ನಾನು ದುಃಖದಲ್ಲಿದ್ದೇನೆ ಎಂದುಕೊಂಡಿದ್ದೆ ಇಷ್ಟು ದಿನ. ದುಃಖವೂ ಇತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ಅದೇ ಹಳೆಯ ಠೇಂಕಾರ. ನಾನು ಏಳದೆ ಯಾವುದೂ ಏಳಬಾರದು. ಅದಕ್ಕೇ ಉಳಿದ ಕುರಿಗಳನ್ನೂ ಉಪವಾಸ ಕೆಡವಿದ್ದೆ.

ಎದ್ದೆ. ಕೋಲು ಹಿಡಿದೆ. ಮುಂದೆ ಹೋಗುತ್ತೇನೆಂದು ಇಬ್ಬರೂ ದಾರಿ ಬಿಟ್ಟರು. ನಾನು ಬದುವಿನ ಗುಂಟ ಹಿಂದಕ್ಕೆ ನಡೆದೆ. ಅಷ್ಟು ದೂರ ಎಂದೂ ನಡೆದಿಲ್ಲವೇನೋ ಅನಿಸಿತು.

ಕರೆಮ್ಮ ಕೇಳಿದಳು, "ಇಲ್ಲೇನ್ ಕೆಲಸ ನಿಮಗ?"

"ನೀನ ಹೇಳು."

ನನ್ನ ಕಾಲು ನೋಡಿದಳು. "ಬರ್ರಿ. ಕುಂಟೋವ್ರಿಗಿ ಇಲ್ಲಿ ಜಾಗ ಅದ."

ಬೂದೆಪ್ಪ ಬಹಳ ಹೊತ್ತು ತಿರುಗಿ ನೋಡಿದ. ಆಮೇಲೆ ಮುಂದೆ ಹೋದ. ಹಿಂಡು ಹೊರಟಿತು.

೧೫ ಡಿಸೆಂಬರ್, ಮಾನ್ವಿ ದಾರಿ

ಧೂಳು. ಇಡೀ ದಿನ ಧೂಳು ಕುಡಿಯುವುದು. ಕರೆಮ್ಮ ಇಷ್ಟು ವರ್ಷ ಇದನ್ನೇ ಕುಡಿದಳೆ? ಕೇಳಿದೆ. "ಈಗ ಗೊತ್ತಾತೇನ್ರಿ?" ಎಂದು ನಕ್ಕಳು. ಆ ಮಳೆ ಆದ ಮೇಲೆ ಇವತ್ತೇ ನಕ್ಕಿದ್ದು.

ಮುಂದೆ ನಡೆದವನಿಗೆ ದಾರಿ ಕಾಣುತ್ತದೆ, ಆಕಾಶ ಕಾಣುತ್ತದೆ. ಕುರಿ ಕಾಣುವುದಿಲ್ಲ. ಯಾವುದು ಎಡಗಾಲು ಎಳೆಯುತ್ತದೆ, ಯಾವುದು ತಾಯಿಯನ್ನು ಕಳೆದುಕೊಂಡು ಕಂಡಕಂಡದ್ದರ ಹಿಂದೆ ಓಡುತ್ತದೆ, ಈಗ ನೋಡುತ್ತಿದ್ದೇನೆ. ಮಳೆ ಬಿಸಿಲು ನನ್ನನ್ನು ಕೇಳಿ ಬರುತ್ತವೆ ಎಂದು ತಿಳಿದಿದ್ದೆನೋ ಏನೋ. ಅವಕ್ಕೆ ನಾನು ಯಾರೆಂದೇ ಗೊತ್ತಿಲ್ಲ. ಜೋಳ ಯಾವುದು, ಕುರಿ ಯಾವುದು ಎಂದೂ ಗೊತ್ತಿಲ್ಲ.

ಹಾಗಂತ ನಾನೇನೂ ಸಾಧುವಾಗಿಲ್ಲ. ಕಾಲುವೆ ಹತ್ತಿರ ಬೂದೆಪ್ಪ ಎಡಕ್ಕೆ ತಿರುಗಿದ. ನಾನಾಗಿದ್ದರೆ ಬಲಕ್ಕೆ. ಹೊಟ್ಟೆ ಉರಿಯಿತು. ನಾಲಿಗೆ ಕಚ್ಚಿ ಹಿಡಿದೆ.

೨೨ ಜನವರಿ ೧೯೮೩, ಮಾನ್ವಿ ಕಡೆ

ಸಂಕ್ರಾಂತಿ ದಾಟಿತು. ಬೆಳಿಗ್ಗೆ ಇನ್ನೂ ಚಳಿ. ಉಳಿದ ಕುರಿಗಳು ಈಯುತ್ತಿವೆ, ದಿನಾ ಒಂದೆರಡು. ಎಷ್ಟೋ ದಿನ ಬರೆಯಲು ಕೈ ಬಿಡುವಾಗಲಿಲ್ಲ.

ಈಗ ಹಳ್ಳದ ದಂಡೆಯಲ್ಲಿ ಕೂತಿದ್ದೇನೆ. ಹೊತ್ತೇರಿದೆ. ಸ್ವಲ್ಪ ಹೊತ್ತಿನ ಹಿಂದೆ ನಡೆದದ್ದು. ಮೂಡಣದಲ್ಲಿ ತೆಳ್ಳಗೆ ಮೋಡ ಕಂಡಿತು. ಬೂದೆಪ್ಪ ಮುಂದಿನಿಂದ ಕೂಗಿದ, "ಅಣ್ಣಾ, ಹಳ್ಳ ದಾಟಸ್ಲೇನು, ಇಲ್ಲೇ ನಿಲ್ಲಿಸ್ಲೇನು?"

ಕರೆಮ್ಮನೂ ತಿರುಗಿ ನೋಡಿದಳು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಎಷ್ಟು ದಿನದಿಂದ ಕಾದಿದ್ದೆ ಆ ಪ್ರಶ್ನೆಗೆ, ದೇವರಿಗೇ ಗೊತ್ತು. ಕಾಲ ಬಳಿ ಒಂದು ಕುರಿ ಮಲಗಿ ತಿಣುಕುತ್ತಿತ್ತು. ಮರಿಯ ಒಂದೇ ಕಾಲು ಹೊರಗೆ ಬಂದಿತ್ತು, ಇನ್ನೊಂದು ಒಳಗೇ ಮಡಚಿಕೊಂಡಿತ್ತು. ಮೊಣಕೈ ತನಕ ನನ್ನ ಕೈ ರಕ್ತ.

"ಕೈ ತೆರಪಿಲ್ಲೋ. ನೀ ನೋಡು" ಎಂದೆ.

ಅವನು ಮೋಡ ನೋಡಿದ. ಆಮೇಲೆ ಹಳ್ಳಕ್ಕೆ ಇಳಿಸಿದ.

ಕಾಲು ಬಿಡಿಸಿ ಮರಿ ಎಳೆದೆ. ಉಸಿರಿರಲಿಲ್ಲ. ಮೂಗಿನ ಲೋಳೆ ಒರೆಸಿ, ಹಿಂಗಾಲು ಹಿಡಿದು ತೂಗಿ, ಬಾಯಿಟ್ಟು ಊದಿದೆ. ಮತ್ತೆ ಊದಿದೆ. ಸೀನಿತು. ನನಗೆ ಅಳು ಬಂತು. ಆ ಮಳೆಯಲ್ಲಿ ಬಾರದ ಅಳು, ಒಂದು ಸೀನಿಗೆ.

ತಲೆ ಎತ್ತಿದರೆ ಹಿಂಡು ಹಳ್ಳದ ಆಚೆ. ಯಾವ ಕುರಿಯೂ ನನಗಾಗಿ ನಿಂತಿಲ್ಲ. ಕರೆಮ್ಮ ಮಾತ್ರ ಈಚೆ ದಂಡೆಯಲ್ಲಿ, ಕತ್ತೆಯ ಜೊತೆ.

ತಾಯಿ ಮರಿಯನ್ನು ನೆಕ್ಕುತ್ತಿದೆ. ಮೈ ಆರಿದ ಮೇಲೆ ಎತ್ತಿಕೊಂಡು ಹೊರಡಬೇಕು. ತಾಯಿ ಹಿಂದೆ ಬರುತ್ತದೆ. ನನ್ನ ಹಿಂದೆ ಅಲ್ಲ, ಮರಿಯ ಹಿಂದೆ. ಇಷ್ಟು ವರ್ಷ ಇಡೀ ಹಿಂಡು ಬರುತ್ತಿದ್ದದ್ದೂ ಹಾಗೇ ಇರಬೇಕು. ನಾನು ಹುಲ್ಲಿದ್ದ ಕಡೆ ಹೋಗುತ್ತಿದ್ದೆ, ಅವು ಹುಲ್ಲಿನ ಹಿಂದೆ...

ಕರೆಮ್ಮ ಕೈ ಬೀಸಿ ಕೂಗುತ್ತಿದ್ದಾಳೆ. ಅಲ್ಲೂ ಒಂದು ಕುರಿ ಈಯಲು ಮಲಗಿದೆಯಂತೆ, ಬೇಗ ಬರ್ರಿ ಅಂತ. ಮರಿ ಆಗಲೇ ಎದ್ದು ನಿಲ್ಲಲು ನೋಡುತ್ತಿದೆ, ಬಿತ್ತು, ಮತ್ತೆ ಏ—