ಘಾಟಿಲ್ಲದ ಗಾಳಿ

ಚಿಗವ್ವಗೆ ಸುಚಿತ್ರಾಳ ಶರಣು.

ಇಲ್ಲಿನ ವಿದ್ಯುತ್ ಸ್ಥಾವರದಲ್ಲಿ ಚಿಮಣಿಯ ಹೊಗೆಯಿಂದ ಇಂಗಾಲದ ಗಾಳಿಯನ್ನು ಬೇರೆ ಮಾಡಿ, ಆಕಾಶಕ್ಕೆ ಬಿಡದೆ, ಕೊಳವೆಯಲ್ಲಿ ಭೂಮಿಯ ಆಳದ ಕರಿಕಲ್ಲಿಗೆ ಇಳಿಸುತ್ತಾರೆ. ಅಲ್ಲಿ ಅದು ನಿಧಾನಕ್ಕೆ ಕಲ್ಲೇ ಆಗುತ್ತದಂತೆ. ಸದ್ಯ ಸ್ವಲ್ಪ ಹೊಗೆಯ ಮೇಲಷ್ಟೇ ಪ್ರಯೋಗ. ಗೆದ್ದರೆ ಎಲ್ಲ ಹೊಗೆಗೂ ಇದೇ ಹಾದಿ. ಕೊಳವೆ ಸೋರದಂತೆ ಕಾಯುವುದು ನನ್ನ ಹೊಸ ಕೆಲಸ.

ಮೊನ್ನೆ ತಗ್ಗಿನಲ್ಲಿದ್ದ ಒಂದು ಜೋಡಣೆಯನ್ನು ಬಗ್ಗಿ ಮೂಸಿ, "ಏನೂ ಘಾಟಿಲ್ಲರಿ, ಎಲ್ಲಾ ಬರೊಬ್ಬರಿ ಐತಿ" ಎಂದೆ. ಬ್ಯಾಡಗಿಯಲ್ಲಿ ನಿನ್ನ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಮುರಿದು ಬೆಳೆದ ಮೂಗಲ್ಲವೇ? ಅಷ್ಟರಲ್ಲಿ ಎದೆಗೆ ಸಿಕ್ಕಿಸಿದ್ದ, ಸೋರಿದ ಗಾಳಿಯನ್ನು ಪತ್ತೆ ಹಚ್ಚುವ ಯಂತ್ರ ಕಿರುಚಿತು. ನಮ್ಮ ಮೇಸ್ತ್ರಿ, ರಾಣೆಬೆನ್ನೂರಿನ ಯುವರಾಜ, ನನ್ನ ರಟ್ಟೆ ಹಿಡಿದು ಮೇಲಕ್ಕೆಳೆದ.

"ಈ ಗಾಳಿಗೆ ವಾಸನೀನ ಇಲ್ಲವ್ವ. ಮೂಗ ನಂಬಿದ್ರ ಅಲ್ಲೇ ಒರಗತಿದ್ದಿ."

"ಒಲಿಗೆ ಹಾಕಿದ ಮೆಣಸಿನಕಾಯಿ ಘಾಟ ಬರಲಿಲ್ಲಂದ್ರ ದೃಷ್ಟಿ ಆಗೇತಿ, ಹೆದರಬೇಕು ಅಂತಾಳ್ರಿ ನಮ್ಮ ಚಿಗವ್ವ."

"ಹಂಗಾರ ಅಕೀ ಮಾತ ಈ ಗ್ವಾಡಿ ಮ್ಯಾಲ ಬರಿ" ಎಂದ. ತಗ್ಗಿನ ಪಕ್ಕದ ಗೋಡೆಯ ಮೇಲೆ ಬರೆದೆ. ಜೋಡಣೆಯನ್ನು ಅಂದೇ ಬಿಗಿದೆವು. ಈಗ ಯಂತ್ರ ಸುಮ್ಮನಿದೆ, ಗಾಳಿ ಕಲ್ಲಿನತ್ತ ಇಳಿಯುತ್ತಿದೆ.

ಆರೋಗ್ಯವಾಗಿದ್ದೇನೆ. ರೊಟ್ಟಿ ಸಿಗುವುದಿಲ್ಲ, ಅನ್ನ ತಿಂದು ಹೊಟ್ಟೆ ಬಂದಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ಅಮಾವಾಸ್ಯೆಗೆ ನನ್ನ ಫೋಟೋಗೆ ನಿವಾಳಿಸಿ ದೃಷ್ಟಿ ತೆಗೆ. ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಒಲೆಗೆ ಗುಂಟೂರಿನದನ್ನೇ ಹಾಕು. ನೀನು ಚೆನ್ನಾಗಿ ಕೆಮ್ಮಿದರೆ ನಾನಿಲ್ಲಿ ಕ್ಷೇಮ.

ಸುಚಿ